ಮಂಡಿಯೆತ್ತರದ ಮನೆ

ಹಾರೆ ಮತ್ತೊಮ್ಮೆ ಠಣ್ಣೆಂದು ಚಿಮ್ಮಿ ಚೆವೊ ಲುಹಾನನ ಕೈಯಿಂದ ಜಾರಿತು. ಅವನು ಎರಡೂ ಅಂಗೈಗಳನ್ನು ಕಂಕುಳಲ್ಲಿ ಒತ್ತಿಕೊಂಡು, ಗುಂಡಿಯೊಳಗೇ ಬಗ್ಗಿ ನಿಂತು, ಸ್ಪ್ಯಾನಿಷ್‌ನಲ್ಲಿ ಏನೋ ಬೈದ. ಬೆಳಗಿನ ಆರರಿಂದ ಅಗೆದರೂ ಆಳ ಒಂದೂವರೆ ಅಡಿ ದಾಟಿರಲಿಲ್ಲ. ಮೇಲಿನ ಮರಳುಮಣ್ಣು ಸಲಿಕೆಗೆ ಸಲೀಸಾಗಿ ಬಂದಿತ್ತು. ಅದರಡಿಯ ಬಿಳಿ ಸುಣ್ಣಗಲ್ಲು ಮಾತ್ರ ಏಟಿಗೊಂದು ಕಡಲೆಕಾಳಿನಷ್ಟು ಚೂರು ಕೊಟ್ಟು ಸುಮ್ಮನಾಗುತ್ತಿತ್ತು.

"ಇನ್ನೆಷ್ಟು ಹೊತ್ತು?" ಎಂದು ನೋಲಾ ಕೇಳಿದಳು. ಸತ್ತ ಓರಿನ್‌ನ ಹೆಂಡತಿ ಅವಳು, ಅರವತ್ತೊಂಬತ್ತು ವಯಸ್ಸು. ಕಪ್ಪು ಉಡುಪಿನ ಮೇಲೆ ಗಂಡನ ಕೆಲಸದ ಕೋಟು ಹಾಕಿಕೊಂಡಿದ್ದಳು.

"ಹೀಗೇ ಹೋದ್ರೆ ಭಾನುವಾರ ಆಗುತ್ತೆ, ದೋನ್ಯಾ ನೋಲಾ" ಎಂದ ಚೆವೊ. ಹಿರಿಯ ಹೆಂಗಸರನ್ನು ಅವನು ಗೌರವದಿಂದ ಕರೆಯುತ್ತಿದ್ದುದೇ ಹಾಗೆ.

"ಇವತ್ತು ಶುಕ್ರವಾರ."

"ಅದನ್ನೇ ಹೇಳ್ತಿರೋದು ನಾನೂ."

ಪಕ್ಕದಲ್ಲಿ ಬಕೆಟ್ಟು ಬೋರಲು ಹಾಕಿಕೊಂಡು ಕೂತಿದ್ದ ಮುದುಕ ಬರ್ಡೆಟ್ ಗಂಟಲು ಸರಿಮಾಡಿಕೊಂಡ. ಮೂರು ಮೈಲಿ ಆಚೆ ಒಬ್ಬನೇ ಇರುವವನು. ಮಾತಾಡಲು ಜನ ಸಿಕ್ಕರೆ ಬಿಡುವವನಲ್ಲ. "ಒಂಬತ್ತು ವರ್ಷ ಈ ನೆಲ ಓರಿನ್ ಮಾತು ಕೇಳ್ಲಿಲ್ಲ. ಈಗ ಸತ್ತ ಮೇಲೂ ಒಳಗೆ ಬಿಟ್ಕೊಳ್ತಿಲ್ಲ ನೋಡು. ಏನು ಹಗೆ ಇತ್ತೋ!"

"ಮಾತಾಡೋಕೆ ಬಂದಿದ್ರೆ ಹಾರೆ ಹಿಡ್ಕೊಂಡು ಮಾತಾಡು, ಬರ್ಡೆಟ್" ಎಂದಳು ನೋಲಾ.

"ನನ್ನ ಸೊಂಟ..."

"ನಿನ್ನ ಸೊಂಟದ ವಿಷ್ಯ ಇಡೀ ಜಿಲ್ಲೆಗೆ ಗೊತ್ತು."

ಇಲ್ಲಿಗೆ ಟ್ರಕ್ಕಿನಲ್ಲಿ ನೀರು ತಂದು ಹಾಕುವವನು ಚೆವೊ; ಮಣ್ಣು ಅಗೆಯುವ ಯಂತ್ರವನ್ನು ನಿನ್ನೆಯೇ ಹೊರಡಿಸಿದ್ದ. ನಾಲ್ಕು ಮೈಲಿ ದೂರದಲ್ಲಿ ಅದರ ಎಣ್ಣೆಯ ಪೈಪು ಒಡೆದು, ದಾರಿಯ ನಡುವೆ ಒಂಟಿ ಕೈ ಮೇಲೆತ್ತಿಕೊಂಡು ನಿಂತುಬಿಟ್ಟಿತ್ತು. ಹನ್ನೊಂದಕ್ಕೆ ಹೆಣದ ಗಾಡಿ ಬರುವುದಿತ್ತು. ಆರಡಿ ಆಳ ಇರಬೇಕೆಂದು ಪರವಾನಗಿಯಲ್ಲಿ ಬರೆದಿತ್ತು. ಆ ಕಾಗದಕ್ಕಾಗಿ ನೋಲಾ ಬುಧವಾರ ಅರವತ್ತು ಮೈಲಿ ಓಡಿಸಿಕೊಂಡು ಹೋಗಿದ್ದಳು. ಸಮಾಧಿಯ ಜಾಗ ನೀರಿನ ಬಾವಿಯಿಂದ ಎಷ್ಟು ದೂರ ಎಂದು ಕಚೇರಿಯ ಹುಡುಗಿ ಕೇಳಿದ್ದಳು.

"ಬಾವಿ ಇಲ್ಲಮ್ಮ."

"ಆದ್ರೆ ಈ ಜಾಗ ಖಾಲಿ ಬಿಡೋ ಹಾಗಿಲ್ಲ, ಮೇಡಂ. ಏನಾದ್ರೂ ಬರೀಬೇಕು."

"ಹಾಗಾದ್ರೆ ಹನ್ನೊಂದು ಮೈಲಿ ಅಂತ ಬರ್ಕೊ. ನಾವು ನೀರು ತರೋದು ಅಲ್ಲಿಂದ."

ಹುಡುಗಿ ನಗಲಿಲ್ಲ. ಹನ್ನೊಂದು ಮೈಲಿಯನ್ನು ಅಡಿಗೆ ಲೆಕ್ಕ ಹಾಕಿ ಬರೆದುಕೊಂಡಳು.

ಹೆಣದ ಗಾಡಿ ಹತ್ತೂಮುಕ್ಕಾಲಿಗೇ ಬಂತು. ಬಂದು, ಒಣಹಳ್ಳದ ಆಚೆ ದಡದಲ್ಲಿ ನಿಂತಿತು. ಅದರ ಹಿಂದೆ ಬಂದ ಬಾಡಿಗೆ ಕಾರು ನಿಲ್ಲದೆ ಹಳ್ಳಕ್ಕಿಳಿದು, ನಟ್ಟನಡುವೆ ಮರಳಿನಲ್ಲಿ ಹೊಟ್ಟೆಯೂರಿ ಕೂತಿತು. ಚಕ್ರಗಳು ರೊಯ್ಯೆಂದು ಸುತ್ತಿದವು.

"ನಿಲ್ಸೋಕೆ ಹೇಳಿ ಅವನಿಗೆ!" ಎಂದು ಚೆವೊ ಗುಂಡಿಯಿಂದಲೇ ಕೂಗಿದ. "ಇನ್ನೂ ಒತ್ತಿದ್ರೆ ಅದಕ್ಕೂ ಒಂದು ಪರವಾನಗಿ ತರ್ಬೇಕಾಗುತ್ತೆ!"

ಕಾರಿನಿಂದ ಇಳಿದವನು ಓರಿನ್‌ನ ತಮ್ಮ ಡೆಂಟನ್. ನಿನ್ನೆ ರಾತ್ರಿ ಒಹಾಯೊದಿಂದ ವಿಮಾನದಲ್ಲಿ ಬಂದವನು. ಕಪ್ಪು ಸೂಟು, ಟೈ, ಹೊಳೆಯುವ ಬೂಟು. ಹಳ್ಳ ಹತ್ತಿ ಬರುವಷ್ಟರಲ್ಲಿ ಬೂಟು ಬೆಳ್ಳಗಾಗಿತ್ತು. ನೋಲಾಳನ್ನು ತಬ್ಬಿಕೊಂಡ; ಆಮೇಲೆ ಅವಳ ಭುಜದ ಮೇಲಿಂದ ಸುತ್ತಲೂ ನೋಡಿದ. ಗಂಡಹೆಂಡತಿ ವಾಸವಿದ್ದ ತಗಡಿನ ಟ್ರೈಲರ್, ನೀರಿನ ಟ್ಯಾಂಕು, ಹಗ್ಗ ಬಿಗಿದ ನಾಲ್ಕು ಸೋಲಾರ್ ಹಲಗೆಗಳು, ಜಾಲಿಯ ಪೊದೆಗಳು, ಮಣ್ಣಿಟ್ಟಿಗೆಯ ಮಂಡಿಯೆತ್ತರದ ಗೋಡೆಗಳು.

"ಮನೆ ಎಲ್ಲಿ?" ಎಂದ.

"ಅದೇ" ಎಂದು ನೋಲಾ ಆ ಗೋಡೆಗಳ ಕಡೆ ಕೈ ತೋರಿಸಿದಳು.

ಡೆಂಟನ್ ಇನ್ನೊಂದು ಸಲ ನೋಡಿದ.

ಪೆಟ್ಟಿಗೆಯನ್ನು ಹೊತ್ತು ಹಳ್ಳ ದಾಟಿಸಿ ಚೆವೊನ ಟ್ರಕ್ಕಿಗೆ ಏರಿಸಬೇಕಾಯಿತು. ಬರ್ಡೆಟ್ಟನೂ ಸೊಂಟ ಮರೆತು ಒಂದು ಕಡೆ ಹೆಗಲು ಕೊಟ್ಟ. ಗುಂಡಿಯ ಬಳಿ ಟ್ರಕ್ಕು ನಿಂತಾಗ ಡೆಂಟನ್ ಇಣುಕಿ ನೋಡಿ, "ಇದರಲ್ಲಿ ನಾಯಿಯನ್ನೂ ಹೂಳೋಕಾಗಲ್ಲ, ನೋಲಾ" ಎಂದ.

* * *

ಓರಿನ್ ಟೆಶ್ ಮೂವತ್ತೊಂದು ವರ್ಷ ಶಾಲೆಯ ಬಸ್ಸುಗಳನ್ನು ರಿಪೇರಿ ಮಾಡಿದವನು. ಕಿಟಕಿಯಿಲ್ಲದ ಶೆಡ್ಡು, ಹೊಗೆ, ಚಳಿಗಾಲವಿಡೀ ಬೆಳಿಗ್ಗೆ ನಾಲ್ಕಕ್ಕೆ ಚಾಲೂ ಮಾಡಿ ಬಿಸಿಮಾಡಬೇಕಾದ ನಲವತ್ತು ಇಂಜಿನ್ನುಗಳು. ಮನೆಗೆ ಬಂದು ಊಟಕ್ಕೆ ಕೂತಾಗಲೂ ಕಿವಿಯಲ್ಲಿ ಗುಂಯ್‌ಗುಡುತ್ತಿದೆ ಎನ್ನುತ್ತಿದ್ದ. ನಿವೃತ್ತನಾದ ವಾರವೇ ಯಾವುದೋ ಜಾಹೀರಾತಿನ ಹಾಳೆಯಲ್ಲಿ ಒಂದು ಚಿತ್ರ ನೋಡಿ, ದಕ್ಷಿಣ ನ್ಯೂ ಮೆಕ್ಸಿಕೋದ ಈ ಇಪ್ಪತ್ತು ಎಕರೆ ಕೊಂಡುಬಿಟ್ಟ. ಕೊಂಡ ಮೇಲೆ ಹೆಂಡತಿಗೆ ಹೇಳಿದ.

"ಚಿತ್ರದಲ್ಲಿ ಏನೂ ಇಲ್ವಲ್ಲ" ಎಂದಿದ್ದಳು ಅವಳು.

"ಅದಕ್ಕೇ ಕೊಂಡಿದ್ದು."

ಬಂದ ಮೊದಲ ದಿನ ಸುಣ್ಣದ ಪುಡಿ ಹಿಡಿದುಕೊಂಡು ನೆಲದ ಮೇಲೆ ಮನೆ ಬರೆದ. ಬಗ್ಗಿ ಬಗ್ಗಿ, ಹಿಂದಕ್ಕೆ ನಡೆಯುತ್ತ, ದೊಡ್ಡ ಕೋಣೆ, ಮಲಗುವ ಕೋಣೆ ಎಂದು ಗೆರೆ ಎಳೆದ. ಒಂದು ಮೂಲೆಗೆ ಅವಳನ್ನು ಕೈಹಿಡಿದು ಕರೆತಂದು ನಿಲ್ಲಿಸಿದ.

"ನಿನ್ನ ಅಡುಗೆಮನೆ. ಇಲ್ಲಿ ಕಿಟಕಿ. ಒಲೆ ಮುಂದೆ ನಿಂತ್ರೆ ಆ ಬೆಟ್ಟ ಕಾಣುತ್ತೆ."

"ನೀರು?"

"ಬರುತ್ತೆ."

"ಕರೆಂಟು?"

"ಬರುತ್ತೆ."

"ಜನ?"

ಅವನು ನಕ್ಕಿದ್ದ. "ಅದೊಂದು ಬರಲ್ಲ."

ಸಂಜೆ ಗಾಳಿ ಎದ್ದು ಸುಣ್ಣದ ಗೆರೆಗಳನ್ನೆಲ್ಲ ಒರೆಸಿಕೊಂಡು ಹೋಯಿತು. ಬೆಳಿಗ್ಗೆ ಅವನು ಮತ್ತೆ ಪುಡಿ ಹಿಡಿದು ಹೊರಟ.

ಮೊದಲ ವರ್ಷ ದಾರಿಗೇ ಆಯಿತು. ಹಳ್ಳದ ದಂಡೆ ಕಡಿದು, ಕಲ್ಲು ಹಾಸಿ ಒಂದು ಇಳಿಜಾರು ಮಾಡಿದ. ಜುಲೈನಲ್ಲಿ ಎಲ್ಲೋ ಬಿದ್ದ ಮಳೆಗೆ ಹಳ್ಳ ಬಂದು ಕಲ್ಲುಗಳನ್ನು ಅರ್ಧ ಮೈಲಿ ಕೆಳಗೆ ಹರಡಿತು. ಮತ್ತೆ ಹಾಸಿದ. ಅದು ನಾಲ್ಕು ಸಲ. ಎರಡನೆಯ ವರ್ಷ ಟ್ಯಾಂಕು ಬಂತು. ಅದರ ತಳದಲ್ಲಿ ಬಿರುಕಿತ್ತು. ಚೆವೊ ತಂದು ಸುರಿದ ನೀರೆಲ್ಲ ಒಂದು ರಾತ್ರಿಯಲ್ಲಿ ನೆಲಕ್ಕಿಳಿಯಿತು. ಮೂರನೆಯ ವರ್ಷ ಸೋಲಾರ್ ಹಲಗೆಗಳಲ್ಲಿ ಎರಡನ್ನು ಗಾಳಿ ಹಾರಿಸಿತು. ಬರ್ಡೆಟ್ ಒಂದನ್ನು ತನ್ನ ಅಂಗಳದಿಂದ ಹೊತ್ತು ತಂದು, "ನಿಮ್ಮನೆ ಸೂರ್ಯ ನಮ್ಮನೆಗೆ ಬಂದಿದ್ದ" ಎಂದಿದ್ದ. ನಾಲ್ಕನೆಯ ವರ್ಷ ಅಚ್ಚು ಹಾಕಿ ಬಿಸಿಲಿಗಿಟ್ಟ ಆರುನೂರು ಇಟ್ಟಿಗೆಗಳ ಮೇಲೆ ಒಂದೇ ಗಂಟೆ ಮಳೆ ಹೊಡೆಯಿತು. ಮಳೆ ನಿಂತಾಗ ಅಲ್ಲಿದ್ದದ್ದು ಉದ್ದನೆಯ ಒಂದು ಕೆಸರಿನ ದಿಬ್ಬ. ವರ್ಷಕ್ಕೆ ಬೀಳುವ ಮಳೆಯೇ ಬೆರಳೆಣಿಕೆ; ಅದರಲ್ಲೊಂದು ಸರಿಯಾಗಿ ಅವತ್ತೇ ಬರಬೇಕೇ? ನೋಲಾ ಅವತ್ತು ಟ್ರೈಲರ್‌ನ ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ಅತ್ತಿದ್ದಳು. ಅವನು ಪಕ್ಕದಲ್ಲಿ ಕೂತು, "ಮಣ್ಣು ಒಳ್ಳೆಯದು. ಹೇಗೆ ಕೂಡ್ಕೊಂಡಿದೆ ನೋಡು" ಎಂದಿದ್ದ. ಅದಕ್ಕೇ ಅವಳಿಗೆ ಹೆಚ್ಚು ಸಿಟ್ಟು ಬಂದದ್ದು.

ಆರನೆಯ ವರ್ಷ ಎದ್ದ ಗೋಡೆಯನ್ನು ಹಳ್ಳ ತಿಂದಿತು. ಮನೆಯನ್ನೇ ದಿಬ್ಬದ ಮೇಲಕ್ಕೆ ಬದಲಾಯಿಸಿ, ಮತ್ತೆ ಸುಣ್ಣ ಹಿಡಿದು ಗೆರೆ ಎಳೆದ.

ಪ್ರತಿ ಕ್ರಿಸ್‌ಮಸ್‌ಗೆ ನೋಲಾ "ನನಗಿದೇ ಕೊನೇ ವರ್ಷ" ಎನ್ನುತ್ತಿದ್ದಳು. "ಬರೋ ಚಳಿಗಾಲಕ್ಕೆ ಒಳಗಿರ್ತೀವಿ" ಎನ್ನುತ್ತಿದ್ದ ಅವನು. ಎರಡು ಚೊಂಬು ನೀರಲ್ಲಿ ತಲೆ ತೊಳೆದುಕೊಳ್ಳುವುದನ್ನು ಅವಳು ಕಲಿತಳು. ಪಾತ್ರೆ ತೊಳೆದ ನೀರನ್ನು ಬಕೆಟ್ಟಿಗೆ, ಬಕೆಟ್ಟಿನದನ್ನು ಇಟ್ಟಿಗೆಯ ಮಣ್ಣಿಗೆ ಹಾಕುವುದನ್ನು ಕಲಿತಳು. ಕಲಿತದ್ದಕ್ಕೂ ಅವಳಿಗೆ ಸಿಟ್ಟಿತ್ತು.

* * *

ಹನ್ನೆರಡರ ಹೊತ್ತಿಗೆ ಜನ ಸೇರಿದರು. ಹದಿನಾಲ್ಕು ಜನ, ಸುತ್ತಿನ ಇಪ್ಪತ್ತು ಮೈಲಿಯಲ್ಲಿ ಇದ್ದವರೆಲ್ಲ ಅಷ್ಟೇ. ಗಂಡಸರು ಸರದಿಯ ಮೇಲೆ ಗುಂಡಿಗಿಳಿದು ಅಗೆದರು. ಒಬ್ಬನ ಪಿಕಾಸಿಯ ಹಿಡಿ ಮುರಿಯಿತು. ಟ್ರಕ್ಕಿನ ಮೇಲೆ ಪೆಟ್ಟಿಗೆಗೆ ಟಾರ್ಪಾಲು ಕಟ್ಟಿ ನೆರಳು ಮಾಡಿದ್ದರು. ಗುಂಡಿ ಎರಡಡಿಯಲ್ಲೇ ನಿಂತಿತ್ತು.

ಡೆಂಟನ್ ಟೈ ಸಡಿಲಿಸಿ ನೋಲಾಳ ಪಕ್ಕ ಬಂದ. "ನನ್ನ ಮಾತು ಸಮಾಧಾನವಾಗಿ ಕೇಳು. ಊರಲ್ಲಿ ಅಪ್ಪ ಅಮ್ಮನ ಪಕ್ಕ ಜಾಗ ಇದೆ. ನಿನಗೂ ಇದೆ. ಹುಲ್ಲಿದೆ, ಮರ ಇದೆ. ಆ ಗಾಡಿ ಇನ್ನೂ ಹಳ್ಳದ ಆಚೆನೇ ನಿಂತಿದೆ. ಡ್ರೈವರು ಊಟ ಮಾಡ್ತಿದ್ದಾನೆ. ಒಂದು ಮಾತು ಹೇಳಿದ್ರೆ ವಾಪಸ್ ಕರ್ಕೊಂಡು ಹೋಗ್ಬಹುದು."

"ಅವನಿಗೆ ಬೇಕಾಗಿದ್ದು ಇದು, ಡೆಂಟನ್. ಇರ್ಲಿ, ಇಟ್ಕೊಳ್ಳಲಿ."

"ನಿನಗೆ ಈ ಜಾಗ ಕಂಡ್ರೆ ಆಗಲ್ಲ. ನನ್ನ ಹೆಂಡ್ತಿಗೆ ನೀನೇ ಬರೆದಿದ್ದೀಯ. ಕಾಗದ ಎಲ್ಲ ನಮ್ಮನೇಲಿದೆ."

"ನನಗೆ ಆಗಲ್ಲ. ನಾನು ಸತ್ತಿಲ್ಲವಲ್ಲ."

ಅಷ್ಟರಲ್ಲಿ ಚೆವೊನ ಹೆಂಡತಿ ದೆಲ್ಫೀನಾ ಅಡುಗೆಯ ದೊಡ್ಡ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಳು. ಅವರೆಕಾಳಿನಂಥ ಕಾಳು, ಹಸಿಮೆಣಸಿನ ಸಾರು, ಬಟ್ಟೆಯಲ್ಲಿ ಸುತ್ತಿದ ರೊಟ್ಟಿ. ಪಾತ್ರೆ ಕೆಳಗಿಟ್ಟು ನೋಲಾಳ ಕೈ ಹಿಡಿದುಕೊಂಡಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ದನಿ ತಗ್ಗಿಸಿ ಕೇಳಿದಳು:

"ಪೇಟೆ ಮನೆ ವಿಷ್ಯ ಏನ್ಮಾಡ್ತೀರಾ? ನಮ್ಮ ಚಿಕ್ಕಮ್ಮನ ಮಗಳು ಕೇಳ್ತಿದ್ಲು. ಇನ್ನೂ ಯಾರಿಗೂ ಕೊಟ್ಟಿಲ್ಲವಂತೆ. ನೀವು ಹೂಂ ಅಂದ್ರೆ ಬೀಗದ ಕೈ ಮತ್ತೆ ಕೊಡ್ತಾಳಂತೆ."

"ಯಾವ ಮನೆ?"

ದೆಲ್ಫೀನಾ ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ. ಹೇಳ್ಲೇ ಇಲ್ವಾ ಅವರು?"

"ಯಾವ ಮನೆ, ದೆಲ್ಫೀನಾ?"

"ನನಗೆ ಆಣೆ ಹಾಕ್ಸಿದ್ರು. ನವೆಂಬರ್‌ನಲ್ಲಿ ನಿಮ್ಮ ಹುಟ್ಟಿದ ದಿನಕ್ಕೆ ಹೇಳ್ತೀನಿ, ಅಲ್ಲೀವರ್ಗೂ ಯಾರೂ ಬಾಯಿ ಬಿಡ್ಬೇಡಿ ಅಂತ. ಸೆಪ್ಟೆಂಬರ್‌ನಲ್ಲಿ ಬಂದು ನೋಡಿ ಬಾಡಿಗೆಗೆ ಹಿಡಿದ್ರು. ಚಿಕ್ಕ ಮನೆ, ಚರ್ಚಿನ ಹಿಂದೆ. ಬಂದವರು ಕೋಣೆಗೀಣೆ ಏನೂ ನೋಡ್ಲಿಲ್ಲವಂತೆ. ಸೀದಾ ಅಡುಗೆಮನೆಗೆ ಹೋಗಿ ಕೊಳಾಯಿ ತಿರುಗ್ಸಿ, ನೀರು ಹರಿಯೋದನ್ನೇ ನೋಡ್ತಾ ನಿಂತ್ರಂತೆ. ಬಿಸಿನೀರು ಬರೋವರ್ಗೂ. ಆಮೇಲೆ 'ನೋಲಾಗೆ ಸಾಕಾಗಿದೆ, ನಾನೇ ಅರ್ಥ ಮಾಡ್ಕೊಳ್ಳೋದು ತಡ ಮಾಡ್ದೆ' ಅಂದ್ರಂತೆ."

ಡೆಂಟನ್ ಎರಡು ಹೆಜ್ಜೆ ಹತ್ತಿರ ಬಂದಿದ್ದ.

"ನೋಡಿದ್ಯಾ? ಅವನೇ ಬಿಟ್ಟು ಹೊರಟಿದ್ದ! ಇನ್ನು ಯಾಕೆ ಈ ಬಂಡೆ ಕುಟ್ತಾ ಕೂತಿದ್ದೀರಿ?"

"ಇಲ್ಲ ಸ್ವಾಮಿ, ಪೂರ್ತಿ ಕೇಳಿ" ಎಂದಳು ದೆಲ್ಫೀನಾ, ಗಾಬರಿಯಲ್ಲಿ. "ಹೋದ ಭಾನುವಾರ ಬೀಗದ ಕೈ ವಾಪಸ್ ಕೊಟ್ರು. 'ನನ್ನ ಹೆಂಡ್ತಿ ಮನಸ್ಸು ಬದಲಾಯ್ಸಿದ್ದಾಳೆ, ಅವಳಿಗೀಗ ಅಲ್ಲೇ ಇರ್ಬೇಕಂತೆ' ಅಂತ. ಎಷ್ಟು ಖುಷಿಯಾಗಿದ್ರು ಅಂದ್ರೆ, ನಮ್ಮ ಚಿಕ್ಕಮ್ಮನ ಮಗಳಿಗೆ ಬೈಯೋಕೂ ಮನಸ್ಸು ಬರ್ಲಿಲ್ಲವಂತೆ."

ಅಗೆಯುವ ಸದ್ದು ನಿಂತಿತ್ತು. ಗುಂಡಿಯೊಳಗಿಂದ ಚೆವೊ, ಬಕೆಟ್ಟಿನ ಮೇಲಿಂದ ಬರ್ಡೆಟ್, ಎಲ್ಲರೂ ಇತ್ತ ನೋಡುತ್ತಿದ್ದರು.

"ನಿಜಾನಾ?" ಎಂದ ಡೆಂಟನ್. "ನಿನಗೆ ಇಲ್ಲೇ ಇರ್ಬೇಕು ಅಂತ ನೀನು ಹೇಳಿದ್ಯಾ?"

ನೋಲಾ ತಿರುಗಿ ಟ್ರೈಲರ್‌ನೊಳಗೆ ಹೋಗಿ ಬಾಗಿಲು ಹಾಕಿಕೊಂಡಳು.

* * *

ಆಗಸ್ಟಿನಿಂದ ಓರಿನ್ ಒಂದು ಇಟ್ಟಿಗೆಯನ್ನೂ ಇಟ್ಟಿರಲಿಲ್ಲ. ಬೆಳಿಗ್ಗೆ ಎದ್ದು ಕಾಫಿ ಹಿಡಿದುಕೊಂಡು ಗೋಡೆಗಳ ಸುತ್ತ ಒಂದು ಸಲ ನಡೆದು, ಬಂದು ಕೂರುತ್ತಿದ್ದ. ಏನು ಎಂದರೆ ಏನಿಲ್ಲ ಎನ್ನುತ್ತಿದ್ದ. ಮೊದಮೊದಲು ನೋಲಾ ಸುಮ್ಮನಿದ್ದಳು. ಆಮೇಲೆ ಚುಚ್ಚತೊಡಗಿದಳು. "ಒಂಬತ್ತು ವರ್ಷ ನನ್ನನ್ನ ಈ ತಗಡಿನ ಡಬ್ಬದಲ್ಲಿ ಬೇಯಿಸಿ, ಈಗ ನಿನಗೆ ಬೇಜಾರಾಯ್ತಾ? ನನಗೆ ಬೇಜಾರಾಗಿದ್ದಾಗ ಯಾರು ಕೇಳಿದ್ರು?" ಅವನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ. ತುಟಿಯ ಅಂಚಿನಲ್ಲಿ ಏನೋ ಒಂದು ಬಚ್ಚಿಟ್ಟ ನಗು ಇರುತ್ತಿತ್ತು. ಅದನ್ನು ಕಂಡು ಅವಳಿಗೆ ಇನ್ನೂ ಉರಿಯುತ್ತಿತ್ತು.

ಅಕ್ಟೋಬರಿನ ಎರಡನೆಯ ಶುಕ್ರವಾರ ಬೆಳಿಗ್ಗೆ ಅವಳಿಗೆ ತಡೆಯಲಾಗಲಿಲ್ಲ. ಗಂಡನ ಬೂಟು ಹಾಕಿಕೊಂಡು ಹೋಗಿ ತಾನೇ ಮಣ್ಣು ಕಲೆಸಿದಳು. ಕರಣೆ ಹಿಡಿದು ಅಡುಗೆಮನೆಯ ಗೋಡೆಯ ಮೇಲೆ ಇಟ್ಟಿಗೆ ಇಡತೊಡಗಿದಳು. ಅವನಿಗೆ ನಾಚಿಕೆಯಾಗಲಿ ಎಂದೇ ಅವನು ಕೂರುವ ಟ್ರೈಲರ್ ಕಿಟಕಿಯ ಎದುರಿಗೆ ನಿಂತು ಇಟ್ಟಳು. ದಾರ ಕಟ್ಟಲಿಲ್ಲ, ರಸಮಟ್ಟ ಇಡಲಿಲ್ಲ. ಇಟ್ಟಿಗೆಯ ವರಸೆ ಹಾವಿನಂತೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಎರಡೂ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು.

ಅವನು ಹೊರಗೆ ಬಂದು ತುಂಬ ಹೊತ್ತು ನಿಂತು ನೋಡಿದ.

"ನೀನ್ಯಾಕೆ ಈ ಕೆಲ್ಸ ಮಾಡ್ತಿದ್ದೀಯ?"

"ಯಾರಾದ್ರೂ ಮಾಡ್ಬೇಕಲ್ಲ."

ಶನಿವಾರ ಅವಳು ಮತ್ತೆ ಹೋದಳು. ಸಿಟ್ಟು ಇಳಿದಿರಲಿಲ್ಲ. ಸಂಜೆ ಊಟಕ್ಕೆ ಕೂತಾಗ ಅವನು ಅವಳ ಅಂಗೈ ತಿರುಗಿಸಿ ನೋಡಿ, ಮೆಲ್ಲಗೆ, ಮದುವೆಗೆ ಕೇಳಿದ ದಿನದ ದನಿಯಲ್ಲಿ ಕೇಳಿದ:

"ನೋಲಾ, ನಿಜ ಹೇಳು. ನಿನಗೆ ಇಲ್ಲೇ ಇರ್ಬೇಕು ಅಂತಿದ್ಯಾ?"

ಆಗ ಒಂದು ಸರಿಯಾದ ಉತ್ತರ ಕೊಡಬಹುದಿತ್ತು. "ಇಲ್ದೇ ಇದ್ರೆ ಕೈಯೆಲ್ಲ ಬೊಬ್ಬೆ ಬರಿಸ್ಕೊಳ್ಳೋಕೆ ನನಗೇನು ಹುಚ್ಚಾ?" ಎಂದಳು ಅವಳು. ವ್ಯಂಗ್ಯವಾಗಿಯೇ ಅಂದಿದ್ದಳು. ಬಾಣಲೆಯನ್ನು ಕುಕ್ಕಿಯೇ ಅಂದಿದ್ದಳು. ಅವನ ಮುಖ ನಿಧಾನವಾಗಿ ಅರಳಿತು. ಆ ಮುಖ ಕಂಡೂ ಅವಳು ಮಾತು ತಿದ್ದಲಿಲ್ಲ. ಇವನಿಗೆ ತಲೆಗಿಲೆ ಕೆಟ್ಟಿದೆಯೇ ಎಂದುಕೊಂಡಳು ಅಷ್ಟೇ.

ಭಾನುವಾರ ಬೆಳಿಗ್ಗೆ "ಪೇಟೇಲಿ ಒಂದು ವಸ್ತು ವಾಪಸ್ ಕೊಟ್ಟು ಬರ್ತೀನಿ" ಎಂದು ಹೋದ. ಬರುವಾಗ ಸಿಳ್ಳೆ ಹಾಕುತ್ತ ಬಂದ. ಅವಳು ಇಟ್ಟ ಸೊಟ್ಟ ವರಸೆಯನ್ನು ಕೀಳಲಿಲ್ಲ; ಅದರ ಮೇಲೆಯೇ ದಾರ ಬಿಗಿದು, ಮಣ್ಣು ಹೆಚ್ಚು ಕಡಿಮೆ ಮಾಡಿ ಮಟ್ಟ ತಂದ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವಳು ಬಕೆಟ್ಟಿನಲ್ಲಿ ಮಣ್ಣು ಕಲೆಸುತ್ತ, "ನೀರು ಜಾಸ್ತಿ ಆಯ್ತು ನೋಡು, ನಿನ್ನಿಂದ" ಎಂದಳು. ಉತ್ತರವಿಲ್ಲ. "ನಿನಗೇ ಹೇಳ್ತಿರೋದು. ಕಿವಿ ಕೇಳ್ಸಲ್ವಾ?" ಎಂದಳು. ಅವನು ಗೋಡೆಗೆ ಒರಗಿ ಕೂತಿದ್ದ. ಬೇಕೆಂದೇ ಸುಮ್ಮನಿದ್ದಾನೆ ಎಂದುಕೊಂಡು ಇನ್ನೂ ಎರಡು ಮಾತು ಬೈದಳು. ಆಮೇಲೆ ನೋಡಿದಳು.

* * *

ನೋಲಾ ಟ್ರೈಲರ್‌ನ ಬಾಗಿಲು ತೆರೆದು ಹೊರಗೆ ಬಂದಳು. ಅವಳ ಕಣ್ಣು ಒಣಗಿತ್ತು. ಮುಖ ಕೆಂಪಾಗಿತ್ತು.

"ಮೂದೇವಿ ಮುದುಕ" ಎಂದಳು, ಪೆಟ್ಟಿಗೆಯ ಕಡೆ ನೋಡಿ. "ಬಾಯಿ ಬಿಟ್ಟು ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ?"

ಡೆಂಟನ್ ಮುಂದೆ ಬಂದ. "ನೋಲಾ, ಡ್ರೈವರು ಇನ್ನು ಕಾಯಲ್ಲವಂತೆ. ಹೂಂ ಅಂದ್ರೆ..."

"ನನ್ನನ್ನ ಕೇಳ್ದೆ ಇಲ್ಲಿಗೆ ಕರ್ಕೊಂಡು ಬಂದ. ನನ್ನನ್ನ ಕೇಳ್ದೆ ಇಲ್ಲಿಂದ ಹೊರಡ್ಸೋನಿದ್ದ. ಕೊನೆಗೊಂದು ದಿನ ಕೇಳ್ದ, ಅವತ್ತು ನಾನು ಸರಿಯಾಗಿ ಹೇಳ್ಲಿಲ್ಲ. ಇವತ್ತು ನಾನು ಯಾರನ್ನೂ ಕೇಳಲ್ಲ, ಡೆಂಟನ್. ಇಲ್ಲೇ. ಡ್ರೈವರಿಗೆ ಹೋಗು ಅನ್ನು."

"ಆಮೇಲೆ ನೀನು? ಒಬ್ಬಳೇ ಇಲ್ಲಿ..."

"ನಾನಿರ್ತೀನೋ ಹೋಗ್ತೀನೋ ಅದು ಬೇರೆ ಮಾತು. ಇವತ್ತಿನ ಕೆಲ್ಸ ಇವತ್ತು."

"ಕೆಲ್ಸ ಆಗ್ಬೇಕಲ್ಲ, ದೋನ್ಯಾ" ಎಂದ ಚೆವೊ. ಅವನ ಅಂಗೈಗೆ ಸುತ್ತಿದ ಬಟ್ಟೆಯಲ್ಲಿ ರಕ್ತ ಇಣುಕಿತ್ತು. "ಒಣಗಿದ ಕಲ್ಲು ಇದು. ನೆನೆದ್ರೆ ಸ್ವಲ್ಪ ಬಿಡುತ್ತೆ. ಆದ್ರೆ ನೆನೆಸೋಕೆ..."

ನೋಲಾ ಟ್ಯಾಂಕಿನ ಕಡೆ ನಡೆದಳು. ಪೈಪು ಎಳೆದು ತಂದು ಅದರ ತುದಿಯನ್ನು ಗುಂಡಿಯೊಳಗೆ ಬಿಟ್ಟು, ವಾಪಸ್ ಹೋಗಿ ವಾಲ್ವನ್ನು ಪೂರ್ತಿ ತಿರುಗಿಸಿದಳು. ನೀರು ಒಂದು ಸಲ ಗೊರಗೊರ ಎಂದು, ಆಮೇಲೆ ರಭಸವಾಗಿ ಬಂದು ಬಿಳಿ ಕಲ್ಲಿನ ಮೇಲೆ ಸುರಿಯಿತು.

"ಅಯ್ಯೋ ದೇವ್ರೇ" ಎಂದಳು ದೆಲ್ಫೀನಾ. "ಅಷ್ಟೂ ನೀರು?"

"ಒಂದು ತಿಂಗಳದ್ದು" ಎಂದ ಬರ್ಡೆಟ್, ತಗ್ಗಿದ ದನಿಯಲ್ಲಿ. ಅವನಿಗೂ ತಮಾಷೆ ಹೊಳೆಯಲಿಲ್ಲ.

"ನಾಳೆ ತಂದು ಹಾಕೋದು ನಿನ್ನ ಗಂಡ ತಾನೆ" ಎಂದಳು ನೋಲಾ. ವಾಲ್ವಿನ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದಳು, ಯಾರಾದರೂ ಬಂದು ನಿಲ್ಲಿಸಿಯಾರು ಎನ್ನುವಂತೆ. ನೀರು ಗುಂಡಿ ತುಂಬಿ, ಮೇಲೆ ಧೂಳಿನ ಕೆನೆ ಕಟ್ಟಿ, ಸಣ್ಣ ಸಣ್ಣ ಗುಳ್ಳೆಗಳನ್ನು ಬಿಡತೊಡಗಿತು. ಎಲ್ಲರೂ ಸುತ್ತ ನಿಂತು ಅದನ್ನು ನೋಡಿದರು. ಇಲ್ಲಿನ ಜನ ಯಾವ ನೀರನ್ನಾದರೂ ಹಾಗೆಯೇ ನೋಡುವುದು.

ಎರಡು ಗಂಟೆ ನೆನೆಯಲು ಬಿಟ್ಟರು. ಡೆಂಟನ್ ಹಳ್ಳ ದಾಟಿ ಹೋಗಿ ಡ್ರೈವರನ್ನು ಕಳಿಸಿ ಬಂದ. ಬಂದವನು ಕೋಟು ಬಿಚ್ಚಿ ಜಾಲಿಯ ಮೇಲೆ ಹಾಕಿ, ಕೆಸರಿನ ಗುಂಡಿಗೆ ಬೂಟಿನಲ್ಲೇ ಇಳಿದ. ಉಳಿದ ನೀರನ್ನು ಬಕೆಟ್ಟಿನಲ್ಲಿ ಮೊಗೆದು ಹೊರಹಾಕಿದ. ಆಮೇಲೆ ಹಾರೆ ಎತ್ತಿದ. ಈ ಸಲ ಅದು ಚಿಮ್ಮಲಿಲ್ಲ. ಗಚ್ ಎಂದು ಬೆರಳುದ್ದ ಒಳಗಿಳಿದು ನಿಂತಿತು. ತಟ್ಟೆಯಗಲದ ಒಂದು ಚಕ್ಕೆ ಎದ್ದು ಬಂತು.

"ಬಂತು!" ಎಂದ ಚೆವೊ.

"ಬಂತು ಅಂದ್ರೆ ಬಂತಾ? ಅಗೀರಿ" ಎಂದಳು ನೋಲಾ.

ಸಂಜೆ ಐದರ ಹೊತ್ತಿಗೆ ನಾಲ್ಕೂವರೆ ಅಡಿ ಆಯಿತು. ಆರಡಿಗೆ ಇನ್ನೂ ಒಂದೂವರೆ ಅಡಿ ಬೇಕಿತ್ತು. ಯಾರೂ ಅಳತೆಯ ಮಾತೆತ್ತಲಿಲ್ಲ. ಬರ್ಡೆಟ್ ಮಾತ್ರ, "ಆಫೀಸಿನವರು ಅಳೆಯೋಕೆ ಬರ್ಬೇಕಾದ್ರೆ ಮೊದ್ಲು ಹಳ್ಳ ದಾಟ್ಬೇಕಲ್ಲ" ಎಂದ. ಅವತ್ತು ಮೊದಲ ಸಲ ಜನ ನಕ್ಕರು. ನೋಲಾ ನಗಲಿಲ್ಲ, ಬೈಯಲೂ ಇಲ್ಲ.

ಹಗ್ಗ ಹಾಕಿ ಪೆಟ್ಟಿಗೆ ಇಳಿಸಿದರು. ಒಂದು ಕಡೆ ಸ್ವಲ್ಪ ವಾರೆಯಾಗಿ ಕೂತಿತು. ಮತ್ತೆ ಎತ್ತಿ ಮಣ್ಣು ಸರಿಮಾಡಿ ಇಳಿಸಬೇಕಾಯಿತು. ಡೆಂಟನ್ ಅಪ್ಪನ ಹಳೆಯ ಪುಸ್ತಕದಿಂದ ಪ್ರಾರ್ಥನೆ ಓದಲು ನಿಂತ. ಸಂಜೆಯ ಗಾಳಿ ಎದ್ದು ಹಾಳೆ ಮಗುಚಿ ಹಾಕಿತು. ಅವನು ಬೇರೆ ಯಾವುದೋ ಪುಟದಿಂದ ಓದಿ ಮುಗಿಸಿದ. ಯಾರಿಗೂ ಗೊತ್ತಾಗಲಿಲ್ಲ. ದೆಲ್ಫೀನಾ ತನ್ನ ಭಾಷೆಯಲ್ಲಿ ಒಂದು ಪ್ರಾರ್ಥನೆ ಹೇಳಿದಳು. ನೋಲಾಳ ಸರದಿ ಬಂದಾಗ ಅವಳು ಬಾಯಿ ತೆರೆದು, ಮುಚ್ಚಿ, "ಮಣ್ಣು ಹಾಕಿ" ಎಂದಳು.

ಗಾಳಿ ಜೋರಾಯಿತು. ಊಟಕ್ಕೆಂದು ಹಾಸಿದ್ದ ಬಟ್ಟೆ ಹಾರಿತು. ಕಾಗದದ ತಟ್ಟೆಗಳು ಜಾಲಿಯ ಮುಳ್ಳಿಗೆ ಸಿಕ್ಕಿಕೊಂಡವು. ಬೆಳಗಿನಿಂದ ಹಸಿದ ಜನ ಸಾರಿನ ಪಾತ್ರೆಗೆ ಬೆನ್ನು ಅಡ್ಡ ಕೊಟ್ಟು ನಿಂತರು.

"ಇಲ್ಲಿ ತಿನ್ನೋಕಾಗಲ್ಲ, ಮರಳೇ ತಿನ್ಬೇಕು. ಎಲ್ಲಿಡಲಿ ಇದನ್ನ?" ಎಂದು ದೆಲ್ಫೀನಾ ಕೂಗಿದಳು.

"ಮನೆಯೊಳಗೆ ಇಡು."

"ಟ್ರೈಲರ್‌ನಲ್ಲಿ ಇಷ್ಟು ಜನ ಹಿಡಿಸ್ತಾರಾ?"

"ಮನೆಯೊಳಗೆ ಅಂದೆ. ಆ ಮೂಲೆ ಅಡುಗೆಮನೆ. ಅಲ್ಲಿಡು. ಗೋಡೆಗೆ ಒರಗಿ ಕೆಳಗೆ ಕೂತ್ರೆ ಗಾಳಿ ತಾಗಲ್ಲ."

ದೆಲ್ಫೀನಾ ಪಾತ್ರೆಯನ್ನು ಗೋಡೆಯ ಮೇಲಿಂದ ಗಂಡನಿಗೆ ದಾಟಿಸಲು ಹೋದಳು. ಬರ್ಡೆಟ್ ಸೊಂಟ ಹಿಡಿದುಕೊಂಡು ಒಂದು ಕಾಲನ್ನು ಗೋಡೆಯ ಆಚೆ ಹಾಕಿ, ಕುದುರೆ ಏರಿದವನಂತೆ ಅರ್ಧದಲ್ಲಿ ಸಿಕ್ಕಿಕೊಂಡ. ಅವನ ತೊಡೆಯ ಕೆಳಗಿಂದ ಮಣ್ಣು ಪುಡಿಪುಡಿಯಾಗಿ ಉದುರಿತು.

"ಬಾಗಿಲಿಂದ ಬನ್ನಿ!"

ನೋಲಾಳ ದನಿಗೆ ಎಲ್ಲರೂ ತಿರುಗಿದರು.

"ದನ ಬಂದ ಹಾಗೆ ಗೋಡೆ ಹಾರ್ತೀರಲ್ಲ! ಬಾಗಿಲು ಬಿಟ್ಟಿದ್ದಾನೆ, ಕಾಣಲ್ವಾ? ಆ ಕಡೆ, ಪೂರ್ವಕ್ಕೆ. ಸುತ್ಕೊಂಡು ಬನ್ನಿ."

ಪೂರ್ವದ ಗೋಡೆಯಲ್ಲಿ ಮೂರಡಿ ಅಗಲದ ಒಂದು ಖಾಲಿ ಜಾಗ ಇತ್ತು. ಎರಡು ಬದಿಗೂ ಇಟ್ಟಿಗೆಯನ್ನು ಅಂಚು ಹಿಡಿದು ನೇರವಾಗಿ ಕಟ್ಟಿತ್ತು. ಬರ್ಡೆಟ್ ಏನೋ ಗೊಣಗಿಕೊಂಡು ಕಾಲು ಹಿಂದಕ್ಕೆ ತೆಗೆದ. ದೆಲ್ಫೀನಾ ಪಾತ್ರೆ ಎತ್ತಿಕೊಂಡು ಗೋಡೆಯ ಸುತ್ತ ನಡೆದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದವರು. ಒಳಗೆ ಬಂದವರು ಎಲ್ಲಿ ಕೂರುವುದು ಎಂದು ನೋಲಾಳ ಮುಖ ನೋಡಿದರು. ಅವಳು ತೋರಿಸಿದಲ್ಲಿ ಕೂತರು.

ಸಮಾಧಿಗೆ ಕೊನೆಯ ಮಣ್ಣು ಎಳೆದು, ಮೇಲೆ ಕಲ್ಲು ಹೇರಿ, ಡೆಂಟನ್ ತಡವಾಗಿ ಬಂದ. ಪ್ಯಾಂಟು ಮಂಡಿಯವರೆಗೆ ಕೆಸರಾಗಿತ್ತು. ಅವನಿಗೆ ಹತ್ತಿರವಿದ್ದದ್ದು ಪಶ್ಚಿಮದ ಗೋಡೆ. ಅದನ್ನು ದಾಟಲು ಕಾಲೆತ್ತಿದವನು ಒಳಗೆ ಕೂತಿದ್ದವರನ್ನು ನೋಡಿ ಕಾಲಿಳಿಸಿದ. ಗೋಡೆಯನ್ನು ಕೈಯಿಂದ ಸವರುತ್ತ ಪೂರ್ತಿ ಸುತ್ತಿ ಬಂದ. ಬಾಗಿಲ ಬಳಿ ನಿಂತು ಬೂಟುಗಳನ್ನು ನೆಲಕ್ಕೆ ಉಜ್ಜಿ ಕೆಸರು ತೆಗೆದ. ಅಣ್ಣನಷ್ಟೇ ಎತ್ತರದ ಆಳು. ತಲೆ ತಾಗದಿರಲೆಂದು ಸ್ವಲ್ಪ ಬಗ್ಗಿ, ತೆರೆದ ಆಕಾಶದ ಕೆಳಗೆ, ಮನೆಯೊಳಗೆ ಬಂದ.